ಹೋಗಿಬಂದೆ

ಫೆಬ್ರವರಿ 11

ಅಣ್ಣನಿಗೆ,

ಕ್ಷೇಮ ಎಂದು ಬರೆದು ಶುರು ಮಾಡಬೇಕು. ಕೈ ಬರುತ್ತಿಲ್ಲ.

ಆಪರೇಷನ್ ಆದ ಮೇಲೆ ನೀನು ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನಾನೇ ಎತ್ತಿದೆ. "ಹಲೋ ಹಲೋ, ಬರೀ ಗಾಳಿ ಕೇಳಿಸ್ತಿದೆ, ಲೈನ್ ಸರಿ ಇಲ್ಲ" ಎಂದು ನೀನು ಇಟ್ಟುಬಿಟ್ಟೆ. ಲೈನ್ ಸರಿಯಾಗಿಯೇ ಇತ್ತು. ಆ ಗಾಳಿ ನಾನೇ. ಗಂಟಲಲ್ಲಿದ್ದ ಗೆಡ್ಡೆ ತೆಗೆಯುವಾಗ ಧ್ವನಿಯ ನರಕ್ಕೂ ಪೆಟ್ಟು ಬಿದ್ದಿದೆಯಂತೆ, ಇನ್ನು ಅದು ಮೊದಲಿನ ಹಾಗೆ ಆಗುವುದಿಲ್ಲವಂತೆ. ಇದನ್ನು ಹೇಳುವಾಗ ಡಾಕ್ಟರು ತಾವೂ ಪಿಸುಗುಟ್ಟಿಯೇ ಹೇಳಿದರು, ಜೋರಾಗಿ ಹೇಳಿದರೆ ನನಗೆ ಅವಮಾನವಾದೀತು ಎನ್ನುವ ಹಾಗೆ. ಆದ್ದರಿಂದ ಇನ್ನು ಮೇಲೆ ಬರೀ ಕಾಗದ.

ನಿನಗೆ ಗೊತ್ತು, ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಊರಿಗೆಲ್ಲ ಹೊರಡುವ ಹೊತ್ತು ಹೇಳಿಯೇ ನಾನು ಹೊಟ್ಟೆ ಹೊರೆದದ್ದು. ಈಗ ಅಲ್ಲಿ ರೆಕಾರ್ಡು. ಯಾರೋ ಒಬ್ಬಳು ಎಲ್ಲೋ ಒಂದು ಸಲ ಹೇಳಿ ಹೋಗಿದ್ದಾಳೆ, ಅದನ್ನೇ ತುಂಡು ತುಂಡು ಮಾಡಿ ದಿನವಿಡೀ ಹಾಕುತ್ತಾರೆ. ಅವಳು ಕೆಮ್ಮುವುದಿಲ್ಲ, ತಡವರಿಸುವುದಿಲ್ಲ, ರಜೆ ಕೇಳುವುದಿಲ್ಲ. ನನ್ನನ್ನು ಪ್ರಯಾಣಿಕರು ಮರೆತುಹೋದ ಸಾಮಾನಿನ ಕೋಣೆಗೆ ಹಾಕಿದ್ದಾರೆ. ಕೊಡೆಗಳು, ಊಟದ ಡಬ್ಬಿಗಳು, ಒಂಟಿ ಚಪ್ಪಲಿ, ಯಾರದೋ ಹಲ್ಲುಸೆಟ್ಟು. "ಇಲ್ಲಿ ಬಾಯಿಗೆ ಕೆಲಸ ಇಲ್ಲಮ್ಮ, ಆರಾಮ" ಎಂದರು ಮ್ಯಾನೇಜರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅದೇ ಹೆಚ್ಚು ಚುಚ್ಚಿತು.

ಮಾತ್ರೆಯ ಜೊತೆ ಡಾಕ್ಟರು ನಡಿಗೆಯನ್ನೂ ಬರೆದುಕೊಟ್ಟಿದ್ದಾರೆ. ದಿನಾ ಬೆಳಗ್ಗೆ ನದಿ ದಡದಲ್ಲಿ ನಡೆಯಬೇಕು, ಎದೆ ತುಂಬ ಉಸಿರಾಡಬೇಕು, ಪ್ರಕೃತಿ ನೋಡಬೇಕು. ಇವತ್ತು ಹೋಗಿದ್ದೆ. ನೀನು ಏನೇನೋ ಊಹಿಸಿಕೊಳ್ಳಬೇಡ. ನಗರಸಭೆ ಹಾಕಿದ ಕಾಂಕ್ರೀಟಿನ ದಾರಿ, ಹಳದಿ ಬಣ್ಣ ಬಳಿದ ಕಬ್ಬಿಣದ ಕಸರತ್ತಿನ ಯಂತ್ರಗಳು, ಕೈ ಬೀಸಿಕೊಂಡು ಯಾರನ್ನೋ ಹೊಡೆಯಲು ಹೊರಟವರಂತೆ ನಡೆಯುವ ಜನ. ನೀರಿನ ಮೇಲೆ ಬಣ್ಣದ ಕಾರ್ಖಾನೆಯ ನೊರೆ. ನದಿ ಹರಿಯುತ್ತದೆ ಎನ್ನುತ್ತೇವಲ್ಲ, ನಿಂತು ನೋಡಿದರೆ ಹರಿದುಹೋಗುವುದು ನೀರು ಮಾತ್ರ. ನದಿ ಎಲ್ಲಿಗೂ ಹೋಗುವುದಿಲ್ಲ. ಬಿದ್ದಲ್ಲೇ ಬಿದ್ದಿರುತ್ತದೆ, ನನ್ನ ಹಾಗೆ. ಬಹಳ ಹೊತ್ತು ನೋಡಿದೆ. ತಲೆಗೆ ಬಂದದ್ದನ್ನೆಲ್ಲ ಬರೆಯುವುದಿಲ್ಲ.

ಅತ್ತಿಗೆಗೆ ನಮಸ್ಕಾರ ಹೇಳು.

ನಿನ್ನ ತಂಗಿ


ಫೆಬ್ರವರಿ 21

ಪ್ರೀತಿಯ ವಟವಟಿಗೆ,

ಚಿಕ್ಕಂದಿನಲ್ಲಿ ನಾನೇ ಇಟ್ಟ ಹೆಸರು, ಒಂದು ನರ ಕೈಕೊಟ್ಟಿತು ಅಂತ ಬದಲಾಯಿಸುವವನಲ್ಲ. ಬಾಯಿ ಮುಚ್ಚಿದರೂ ಕಾಗದದಲ್ಲಿ ನಾಲ್ಕು ಪುಟ ವಟಗುಟ್ಟಿದ್ದೀಯಲ್ಲ, ನನಗೆ ಅರ್ಧ ಧೈರ್ಯ ಅಲ್ಲೇ ಬಂತು!

ಈಗ ಕೇಳು. ಇಷ್ಟು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಹೇಳಿಕೊಟ್ಟವನು ಹೇಳುತ್ತಿದ್ದೇನೆ. ಮೊದಲ ವಾರ ನಿಧಾನ. ಹಿಮ್ಮಡಿ ಮೊದಲು ಊರಬೇಕು. ಭುಜ ಇಳಿಬಿಡು, ಮೂಗಿನಲ್ಲೇ ಉಸಿರಾಡು. ಮುಖ್ಯವಾಗಿ ನೀರು ನೋಡುತ್ತಾ ನಿಲ್ಲಬೇಡ. ನಿಂತ ಕಾಲಿಗೇ ಯೋಚನೆ ಹತ್ತುವುದು, ನಡೆಯುವ ಕಾಲಿಗೆ ಅದು ಎಟುಕುವುದಿಲ್ಲ. ನೀನು ನದಿಯನ್ನು ಬಿದ್ದಲ್ಲೇ ಬಿದ್ದಿದೆ ಅಂತೀಯ. ತಪ್ಪು! ಬಂಡೆ ಅಡ್ಡ ಬಂದರೆ ಅದು ಬಳಸಿಕೊಂಡು ಹೋಗುವುದಿಲ್ಲವೇ? ಕೂತು ಅಳುತ್ತದೆಯೇ? ಪ್ರಕೃತಿಯಲ್ಲಿ ಯಾವುದೂ ಸೋತು ಮಲಗುವುದಿಲ್ಲ ಮಾರಾಯ್ತಿ, ಮನುಷ್ಯ ಒಬ್ಬನೇ ಆ ವಿದ್ಯೆ ಕಲಿತವನು.

ನಾನು ಈಗಲೂ ಸೂರ್ಯ ಹುಟ್ಟುವ ಮೊದಲೇ ಷೂ ಕಟ್ಟಿ ಮೈದಾನಕ್ಕೆ ಹೊರಡುತ್ತೇನೆ. ನಿನ್ನೆ ಹೊಸದಾಗಿ ಬಂದ ಇಂಗ್ಲಿಷ್ ಮೇಷ್ಟ್ರು ಕೇಳಿದರು, "ಸಾರ್, ಈ ವಯಸ್ಸಲ್ಲೂ ಇಷ್ಟು ದಮ್ಮು ಎಲ್ಲಿಂದ ಬರುತ್ತೆ?" "ನನ್ನ ತಂಗೀಗೆ ಕಾಗದ ಬರೀತೀನಲ್ಲ, ಅಲ್ಲಿಂದ" ಅಂದೆ.

ನಿನ್ನ ಅತ್ತಿಗೆ ಅಡಿಗೆಮನೆಯಲ್ಲಿದ್ದಾಳೆ, ಕೈ ಬಿಡುವಿಲ್ಲ. ಕೇಳಿದೆ ಅಂತ ಬರೀರಿ ಅಂದಳು.

ನಿನ್ನ ಡ್ರಿಲ್ ಮೇಷ್ಟ್ರು


ಮಾರ್ಚ್ 8

ಅಣ್ಣ,

ನಿನ್ನ ಕಾಗದ ಓದಿದರೆ ಪಕ್ಕದಲ್ಲೇ ನಿಂತು ಸೀಟಿ ಊದಿದ ಹಾಗಿರುತ್ತದೆ. ಕಿವಿ ನೋಯುತ್ತದೆ, ಆದರೂ ಕಾಲು ಏಳುತ್ತದೆ. ಹೋಗುತ್ತಿದ್ದೇನೆ. ನಿನ್ನ ಬಂಡೆಯ ಉಪದೇಶ ಮಾತ್ರ ನನಗೆ ಹಿಡಿಸಲಿಲ್ಲ. ಬಳಸಿಕೊಂಡು ಹೋಗುವ ನೀರು ಪ್ರತಿ ಸಲವೂ ಬೇರೆ ನೀರು. ಬಂಡೆಗೆ ಹೊಡೆಸಿಕೊಂಡ ನೀರು ಏನಾಯಿತು ಅಂತ ಯಾರು ನೋಡಿದ್ದಾರೆ?

ಅಲ್ಲಿ ನನಗೊಬ್ಬರು ಗಂಟುಬಿದ್ದಿದ್ದಾರೆ. ಹಲ್ಲಿನ ಡಾಕ್ಟರಮ್ಮ. ದಿನವಿಡೀ ಬೇರೆಯವರ ಬಾಯಿ ತೆರೆಸಿ ಮಾತಾಡದ ಹಾಗೆ ಮಾಡುವವರು, ಬೆಳಗ್ಗೆ ಎದ್ದು ನನ್ನಂಥವಳನ್ನೇ ಹುಡುಕಿಕೊಂಡಿದ್ದಾರೆ ನೋಡು. "ರೀ, ನಿಮ್ಮ ಹತ್ರ ಮಾತಾಡಿದ್ರೆ ಎಷ್ಟು ಹಗುರಾಗುತ್ತೆ ಗೊತ್ತಾ? ನೀವು ಮಧ್ಯ ಬಾಯಿ ಹಾಕೋದೇ ಇಲ್ಲ" ಎನ್ನುತ್ತಾರೆ. ಗಂಡನ ಗೊರಕೆಯಿಂದ ಹಿಡಿದು ಸೊಸೆಯ ಉಡಾಫೆಯವರೆಗೆ ಎಲ್ಲವೂ ನನಗೆ ಬಾಯಿಪಾಠ. ಅವರ ಸೊಸೆ ಸಿಕ್ಕರೆ ನಾನು ಗುರುತು ಹಿಡಿದೇನು.

ದಾರಿ ತಿರುಗುವ ಕಡೆ ಒಂದು ದೊಡ್ಡ ಮರವಿದೆ, ಹೆಸರು ಗೊತ್ತಿಲ್ಲ. ನೀರು ದಡವನ್ನು ಕೊರೆದು ಕೊರೆದು ಅರ್ಧ ಬೇರು ಗಾಳಿಯಲ್ಲಿ ತೂಗಾಡುತ್ತಿದೆ. ಮೇಲೆ ನೋಡಿದರೆ ಹೊಸ ಚಿಗುರು, ಕೆಂಪಗೆ, ಎಳೆಯದು. ಬುಡ ಹೋಗುತ್ತಿರುವ ಸುದ್ದಿ ತುದಿಗೆ ಇನ್ನೂ ತಲುಪಿಲ್ಲ. ಇವತ್ತು ಅದರ ಕೆಳಗೇ ನಿಂತೆ. ಬೈಯಬೇಡ.

ಒಂದು ಮಾತು. ಮೊದಲೆಲ್ಲ ನಿನ್ನ ಕಾಗದದ ಕೆಳಗೆ ಅತ್ತಿಗೆ ತಪ್ಪದೆ ಎರಡು ಸಾಲು ಬರೆಯುತ್ತಿದ್ದರು. ಹೋದ ಸಲ ಇರಲಿಲ್ಲ. ನನ್ನ ಮೇಲೆ ಏನಾದರೂ ಬೇಸರವೇ?

ತಂಗಿ


ಮಾರ್ಚ್ 24

ವಟವಟಿ,

ಬೇಸರವೂ ಇಲ್ಲ, ಗೀಸರವೂ ಇಲ್ಲ. ನಿನ್ನ ಅತ್ತಿಗೆ ಬೆರಳು ಸುಟ್ಟುಕೊಂಡಿದ್ದಾಳೆ, ಪೆನ್ನು ಹಿಡಿಯಲಾರಳು. ನೀನು ಕಡ್ಡಿಯನ್ನು ಗುಡ್ಡ ಮಾಡಬೇಡ.

ಆ ಮರದ ವಿಚಾರ ಓದಿ ಬಹಳ ಖುಷಿಯಾಯಿತು! ಬೇರು ಹೊರಗೆ ಬಿದ್ದರೂ ಚಿಗುರುತ್ತಿದೆ ಅಂದರೆ ಅದರ ಛಲ ನೋಡು. ಅದೇ ನಿನಗೆ ಪಾಠ. ನಾಳೆಯಿಂದ ಆ ಮರದವರೆಗೆ ಚುರುಕಾಗಿ ನಡೆದು, ಅಲ್ಲಿಂದ ನಿಧಾನವಾಗಿ ವಾಪಸ್ ಬಾ. ಉಸಿರು ಏರಬೇಕು, ಆದರೆ ಎದೆ ಹಾರಬಾರದು.

ಇಲ್ಲಿ ಎಲ್ಲ ಎಂದಿನಂತೆ. ಮೈದಾನ, ಮಕ್ಕಳು, ಧೂಳು, ಕೂಗಾಟ. ಇನ್ನು ಮೇಲೆ ಕಾಗದವನ್ನು ಮನೆಗೆ ಬೇಡ, ಶಾಲೆಯ ವಿಳಾಸಕ್ಕೆ ಹಾಕು. ಮನೆಯ ಕಡೆಯ ಅಂಚೆಯವನು ಸೋಮಾರಿ, ಗೇಟಿನ ಮೇಲಿಂದ ಎಸೆದು ಹೋಗುತ್ತಾನೆ.

ಮುಂದಿನ ಕಾಗದದಲ್ಲಿ ಒಂದಾದರೂ ಹಕ್ಕಿ ಇರಬೇಕು. ಇದು ಅಣ್ಣನ ಆಜ್ಞೆ.

ಡ್ರಿಲ್ ಮೇಷ್ಟ್ರು


ಏಪ್ರಿಲ್ 9

ಅಣ್ಣ,

ಹಕ್ಕಿ ಇಲ್ಲ.

ಮೊನ್ನೆ ಒಬ್ಬ ಮುದುಕಪ್ಪ ಬಿಟ್ಟುಹೋದ ಚೀಲ ಕೇಳಿಕೊಂಡು ನಮ್ಮ ಕೋಣೆಗೆ ಬಂದ. ಚೀಲದಲ್ಲಿ ಏನಿತ್ತು ಎಂದು ನಾನು ಕೇಳಬೇಕು, ಅದು ನಿಯಮ. ಕೇಳಿದೆ. ಅವನಿಗೆ ಕೇಳಿಸಲಿಲ್ಲ. ಮತ್ತೆ ಕೇಳಿದೆ. ಅವನು ಹೊರಗೆ ಹೋಗಿ, "ಒಳಗೆ ಒಬ್ಳು ಮೂಗಿ ಕೂತಿದ್ದಾಳೆ, ಬಾಯಿ ಬರೋರು ಯಾರಾದ್ರೂ ಬನ್ನಿ" ಎಂದು ಕೂಗಿದ. ತಪ್ಪು ಅವನದಲ್ಲ. ಅದೇ ಹೊತ್ತಿಗೆ ಮೇಲೆ ಮೈಕಿನಲ್ಲಿ ಅವಳು ಶುರುಮಾಡಿದಳು, ಪ್ರಯಾಣಿಕರ ಗಮನಕ್ಕೆ. ಚೀಲ ಕೊಟ್ಟು ಕಳಿಸಿ, ಬಾಗಿಲು ಹಾಕಿಕೊಂಡು, ಯಾರದೋ ಕೊಡೆಗಳ ನಡುವೆ ಕೂತೆ.

ಮಾರನೆಯ ಬೆಳಗ್ಗೆ ನದಿಗೆ ಹೋದೆ. ನಡೆಯಲಿಲ್ಲ. ನೀರಿಗಿಳಿಯುವ ಮೆಟ್ಟಿಲುಗಳಿವೆ, ಕೊನೆಯ ಮೆಟ್ಟಿಲಿಗೆ ಇಳಿದೆ. ಅಲ್ಲಿಂದ ಇನ್ನೊಂದಕ್ಕೆ. ಅದು ನೀರಿನೊಳಗಿತ್ತು. ನೀರು ಬೆಚ್ಚಗಿತ್ತು ಅಣ್ಣ, ತಣ್ಣಗಿದ್ದಿದ್ದರೆ ಆಗಲೇ ಎಚ್ಚರವಾಗುತ್ತಿತ್ತೇನೋ. ಹಿಂದಿನಿಂದ ಡಾಕ್ಟರಮ್ಮನ ದನಿ ಬಂತು. "ರೀ, ಚಪ್ಪಲಿ ನೆನೀತಿದೆ! ಹೊಸದಲ್ವಾ?" ನಾನು ತಿರುಗಿದೆ. ಚಪ್ಪಲಿ ಹೊಸದೇ. ಅವರು ಬಂದು ನನ್ನ ಮೊಣಕೈ ಹಿಡಿದುಕೊಂಡರು. ಆಮೇಲೆ ನಾವು ನಡೆದಷ್ಟು ದೂರವೂ ಅವರು ಒಂದು ಮಾತೂ ಆಡಲಿಲ್ಲ.

ಇದನ್ನು ನಿನಗೆ ಬಿಟ್ಟು ಯಾರಿಗೂ ಹೇಳಿಲ್ಲ. ಎರಡು ದಿನದ ಮಟ್ಟಿಗೆ ಬಂದುಹೋಗುತ್ತೀಯಾ? ಏನೂ ಮಾಡಬೇಡ. ಸುಮ್ಮನೆ ಬಂದು ಕೂತಿರು.

ತಂಗಿ


ಏಪ್ರಿಲ್ 15

ನನ್ನ ಪುಟ್ಟ ತಂಗಿ,

ನಿನ್ನ ಕಾಗದ ಈಗ ತಾನೇ ಕೈಗೆ ಬಂತು. ಆಫೀಸಿನ ಬಾಗಿಲಲ್ಲೇ ನಿಂತು ಬರೆಯುತ್ತಿದ್ದೇನೆ.

ಆ ಮೆಟ್ಟಿಲ ಕಡೆ ಹೋಗಕೂಡದು. ಡಾಕ್ಟರಮ್ಮನ ಜೊತೆಯಲ್ಲೇ ನಡೆ, ಅವರು ಎಷ್ಟು ಕೊರೆದರೂ ಸರಿ. ದಿನಾ ಹೋಗಿಬಂದ ಮೇಲೆ ನನಗೆ ಒಂದು ಕಾರ್ಡು ಹಾಕು. ಉದ್ದ ಬೇಡ. "ಹೋಗಿಬಂದೆ" ಅಂತ ಒಂದು ಪದ ಸಾಕು. ದಿನಾ! ಒಂದು ದಿನ ತಪ್ಪಿದರೂ ನನಗೆ ಗೊತ್ತಾಗುತ್ತದೆ. ಆಣೆ ಮಾಡು.

ಬರಲು ನನಗೂ ಆಸೆ. ಪರೀಕ್ಷೆ ನಡೆಯುತ್ತಿದೆ, ಅದು ಮುಗಿದ ಮೇಲೆ ಕ್ರೀಡಾಕೂಟದ ತಯಾರಿ, ಸದ್ಯಕ್ಕೆ ರಜೆ ಸಿಗುವ ಹಾಗಿಲ್ಲ. ನಿನ್ನ ಅತ್ತಿಗೆಯೂ ಊರಲ್ಲಿಲ್ಲ. ಅವಳ ತಮ್ಮ ಮನೆ ಕಟ್ಟಿಸುತ್ತಿದ್ದಾನೆ, ನೋಡಿಕೊಳ್ಳಲು ಹೋಗಿದ್ದಾಳೆ. ಬೇಸಿಗೆ ಕಳೆದು ಬರುತ್ತಾಳೆ.

ನೀನು ಇರಬೇಕು. ಕಾರಣ ಕೇಳಬೇಡ. ಸುಮ್ಮನೆ ಇರಬೇಕು.

ಅಣ್ಣ


ಏಪ್ರಿಲ್ 23

ಹೋಗಿಬಂದೆ.

ನೀನು ಬರಲಿಲ್ಲ ಎಂಬ ಸಿಟ್ಟು ಇದೆ. ಕಾಗದದಲ್ಲಿ "ರಜೆ" ಅನ್ನುವ ಕಡೆ ಮೊದಲು ಏನೋ ಬರೆದು ಗೀಚಿ ಹಾಕಿದ್ದೀಯ. ಬೆಳಕಿಗೆ ಹಿಡಿದು ನೋಡಿದೆ, "ಶಕ್ತಿ" ಎಂದಿತ್ತು. ರಜೆ ಬರೆಯಲು ಹೋಗಿ ಶಕ್ತಿ ಬರೆಯುವಷ್ಟು ಕಸರತ್ತು ತಲೆಗೆ ಹತ್ತಿದೆ ನಿನಗೆ.


ಏಪ್ರಿಲ್ 24

ಹೋಗಿಬಂದೆ.


ಏಪ್ರಿಲ್ 25

ಹೋಗಿಬಂದೆ. ಡಾಕ್ಟರಮ್ಮನಿಗೆ ಮಾತು ವಾಪಸ್ ಬಂದಿದೆ.


ಮೇ 2

ಹೋಗಿಬಂದೆ. ನಿನ್ನ ಹಕ್ಕಿ ತಗೋ: ನೀರುಕಾಗೆ. ಮುಳುಗಿ ಎದ್ದು ಬಂಡೆಯ ಮೇಲೆ ರೆಕ್ಕೆ ಬಿಚ್ಚಿ ನಿಂತಿತ್ತು, ಹಳೇ ಕೋಟು ಒಣಹಾಕಿದ ಹಾಗೆ. ಮೀನು ಸಿಕ್ಕಿರಲಿಲ್ಲ.


ಮೇ 9

ಹೋಗಿಬಂದೆ. ಬಿಸಿಲಿಗೆ ನೀರು ಇಳಿದು ನದಿಯ ತಳ ಕಾಣಿಸುತ್ತಿದೆ. ಏನೇನಿದೆ ಗೊತ್ತೇ? ಸೈಕಲ್ಲಿನ ಗಾಲಿ, ಕುರ್ಚಿ, ಒಂದು ಇಡೀ ಬೀರು. ಎಲ್ಲವನ್ನೂ ಇಟ್ಟುಕೊಂಡು ಮೇಲೆ ಹೊಳೆಯುತ್ತಿತ್ತಲ್ಲ ಇದು, ಭಂಡ ನದಿ.


ಮೇ 18

ಹೋಗಿಬಂದೆ. ಮರದವರೆಗೆ ಚುರುಕಾಗಿ, ಅಲ್ಲಿಂದ ನಿಧಾನ. ಎದೆ ಹಾರಲಿಲ್ಲ. ಇವತ್ತು ನನ್ನ ಗಾಳಿಮಾತು ಡಾಕ್ಟರಮ್ಮನಿಗೆ ಅರ್ಥವಾಯಿತು. "ಏನಂದ್ರಿ? ನನ್ ಸೊಸೇದೇ ಸರಿ ಅಂದ್ರಾ?" ಎಂದು ಮುಖ ಊದಿಸಿಕೊಂಡರು. ಎಷ್ಟು ದಿನವಾಗಿತ್ತು ಅಣ್ಣ, ನಾನು ಒಬ್ಬರನ್ನು ಮಾತಿನಿಂದ ರೇಗಿಸಿ.


ಮೇ 30

ವಟವಟಿ,

ಕಾರ್ಡುಗಳೆಲ್ಲ ಬರುತ್ತಿವೆ. ಕೆಲವೊಮ್ಮೆ ಒಂದು ದಿನ ಬರುವುದಿಲ್ಲ, ಮಾರನೆಯ ದಿನ ಎರಡು ಬರುತ್ತವೆ. ಟಪಾಲು ಮಧ್ಯಾಹ್ನ ಬರುತ್ತದೆ. ಆ ಹೊತ್ತಿಗೆ ಎದ್ದು ಕೂರುತ್ತೇನೆ.

ಅಲ್ಲಿ ಸಂಜೆ ಹೊತ್ತು ನೀರಿನ ಸದ್ದು ಕೇಳಿಸುತ್ತದೆಯೇ? ನದಿಯ ತಳದಲ್ಲಿರುವ ಬೀರುವಿನ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ? ಸುಮ್ಮನೆ ಕೇಳಿದೆ.

ಭುಜ ಇಳಿಬಿಡು. ಇನ್ನೇನು ಹೇಳಬೇಕೆಂದಿದ್ದೆನೋ ಮರೆತುಹೋಯಿತು.

ಅಣ್ಣ


ಜೂನ್ 12

ಅಣ್ಣ,

ಇದೆಂಥ ಕಾಗದ ಬರೆದೆ? ನಾಲ್ಕೇ ಸಾಲು, ಅದರಲ್ಲೂ ಒಂದು ಬೀರುವಿನ ಬಾಗಿಲು. ಮಧ್ಯಾಹ್ನ ಎದ್ದು ಕೂರುತ್ತಾನಂತೆ! ಡ್ರಿಲ್ ಮೇಷ್ಟ್ರಿಗೆ ಹಗಲು ನಿದ್ದೆಯ ಚಾಳಿ ಯಾವಾಗಿನಿಂದ? ಅತ್ತಿಗೆ ಊರಲ್ಲಿಲ್ಲದಿದ್ದರೆ ಹೀಗೇ. ಅವರು ಬಂದ ಮೇಲೆ ಚಾಡಿ ಹೇಳುತ್ತೇನೆ.

ನಿನಗೆ ನನ್ನ ಕಾರ್ಡುಗಳು ಬೇಸರ ತರಿಸಿವೆ ಎಂದು ನನಗೆ ಅರ್ಥವಾಯಿತು. ನ್ಯಾಯವೇ. ದಿನಾ ಅದೇ ನದಿ, ಅದೇ ದಾರಿ, ಅದೇ ಡಾಕ್ಟರಮ್ಮ. ಮಕ್ಕಳು, ಕ್ರೀಡಾಕೂಟ ಎಂದು ನೂರೆಂಟು ಗಡಿಬಿಡಿಯಲ್ಲಿ ಇರುವವನು ನೀನು. ನಾನು ಈಗ ಪರವಾಗಿಲ್ಲ. ಸಂತೋಷ ಎಂದು ಬರೆಯುವುದಿಲ್ಲ, ಅಂಥದ್ದೇನೂ ಇಲ್ಲ. ಬೆಳಗ್ಗೆ ಎಚ್ಚರವಾದರೆ ಎದ್ದೇಳುತ್ತೇನೆ, ಅಷ್ಟೇ. ಮೊದಲು ಅದೂ ಇರಲಿಲ್ಲ. ಇನ್ನು ಮೇಲೆ ದಿನಾ ಕಾರ್ಡು ಹಾಕುವುದಿಲ್ಲ. ಹೋಗಿಬರುತ್ತಿದ್ದೇನೆ ಎಂದು ನಂಬು. ನಿನಗೂ ದಿನಾ ಓದುವ ಕಾಟ ತಪ್ಪಲಿ. ಏನಾದರೂ ವಿಶೇಷವಿದ್ದಾಗ ಉದ್ದವಾಗಿಯೇ ಬರೆಯುತ್ತೇನೆ.

ಮಳೆ ಹಿಡಿದಿದೆ. ನದಿ ಕೆಂಪಾಗಿ ಏರುತ್ತಿದೆ. ಕೊನೆಯ ಮೆಟ್ಟಿಲುಗಳು ಈಗ ಕಾಣಿಸುವುದಿಲ್ಲ, ನನಗೂ ಅತ್ತ ನೋಡುವ ತೀಟೆ ಕಮ್ಮಿಯಾಗಿದೆ.

ತಂಗಿ


ಜೂನ್ 20

ಸರಿ.

ಒಳ್ಳೆಯದಾಯಿತು. ನೀನು ಗೆದ್ದೆ. ನಿಜವಾಗಿ ಸಂತೋಷವಾಗಿದೆ.

ಅಣ್ಣ


ಜುಲೈ 8

ಅಣ್ಣ,

ನಿನಗೆ ಕೋಪ ಬಂದಿದೆ. ಹಗಲು ನಿದ್ದೆ ಎಂದು ಆಡಿಕೊಂಡದ್ದಕ್ಕೋ? ತಮಾಷೆಗೆ ಬರೆದದ್ದು.

ಆ ಮರ ಬಿತ್ತು. ಹೋದ ವಾರದ ನೆರೆಗೆ. ನಮ್ಮ ಕಣ್ಣೆದುರು ಅಲ್ಲ, ಬೆಳಗ್ಗೆ ಹೋಗುವ ಹೊತ್ತಿಗೆ ನೀರಿನಲ್ಲಿ ಮಲಗಿತ್ತು. ಆಶ್ಚರ್ಯವೆಂದರೆ ನಾಲ್ಕೈದು ದಿನ ಎಲೆಗಳು ಹಸಿರಾಗಿಯೇ ಇದ್ದವು. ಒಂದು ಗುಬ್ಬಿಯ ಹಿಂಡು ಎಂದಿನಂತೆ ಬಂದು ಅದರ ಮೇಲೇ ಕೂತು ಜಗಳವಾಡುತ್ತಿತ್ತು. ಡಾಕ್ಟರಮ್ಮ, "ಇಷ್ಟು ದೊಡ್ಡ ಮರ, ಒಂದು ಸೂಚನೆನಾದ್ರೂ ಕೊಡಬಾರದಾ?" ಎಂದರು. ಕೊಟ್ಟಿತ್ತು. ನಾವು ದಿನಾ ಅದರ ಕೆಳಗೇ ಓಡಾಡಿದವರು.

ಎರಡು ಸಾಲು ಬರೆ.

ತಂಗಿ


ಜುಲೈ 29

ಅಣ್ಣ,

ನಾಳೆ ರಾತ್ರಿಯ ಬಸ್ಸಿಗೆ ಹೊರಡುತ್ತಿದ್ದೇನೆ. ಈ ಕಾರ್ಡಿಗಿಂತ ಮೊದಲು ನಾನೇ ಬಂದಿರುತ್ತೇನೆ. ಆದರೂ ಹಾಕುತ್ತಿದ್ದೇನೆ.


ಆಗಸ್ಟ್ 30

ಅತ್ತಿಗೆಗೆ ನಮಸ್ಕಾರಗಳು.

ನಿಮ್ಮ ತಮ್ಮನ ಮನೆಯ ವಿಳಾಸವನ್ನು ಅಣ್ಣನ ಪಕ್ಕದ ಮನೆಯವರಿಂದ ಪಡೆದೆ. ಮನೆ ಕಟ್ಟುವ ಕೆಲಸ ಯಾವುದೂ ನಡೆಯುತ್ತಿಲ್ಲ ಎಂದೂ ಅವರೇ ಹೇಳಿದರು.

ಎರಡು ರಾತ್ರಿ ಬಸ್ಸಿನಲ್ಲಿ ಕೂತು ಹೋಗಿ, ಮೊದಲು ಶಾಲೆಗೇ ಹೋದೆ. ನನ್ನ ಗಾಳಿಮಾತು ಗುಮಾಸ್ತರಿಗೆ ಅರ್ಥವಾಗದೆ, ಚೀಟಿಯಲ್ಲಿ ಬರೆದು ತೋರಿಸಿದೆ. ಅವರು ನನ್ನನ್ನೇ ನೋಡುತ್ತಾ, "ಓ, ಕಾರ್ಡು ಬರೀತಿದ್ದ ತಂಗಿ ನೀವೇನಾ?" ಎಂದರು. ಮೈದಾನ ಎಲ್ಲಿ ಎಂದು ಕೇಳಿದೆ. ಕಿಟಕಿಯಿಂದ ತೋರಿಸಿದರು. ಅಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಡ್ರಿಲ್ ಪೀರಿಯಡ್ ತೆಗೆದು ಎರಡು ವರ್ಷವಾಯಿತಂತೆ. ಮೇಷ್ಟ್ರನ್ನು ಚೆಂಡು, ಚಾಪೆ ಇಡುವ ಕೋಣೆಯಲ್ಲಿ ಕೂರಿಸಿದ್ದರಂತೆ. "ಯಾರ ಹತ್ರನೂ ಮಾತಿಲ್ಲಮ್ಮ. ಟಪಾಲು ಬರೋ ಹೊತ್ತಿಗೆ ಮಾತ್ರ ಎದ್ದು ಬಂದು ಇಲ್ಲಿ ನಿಲ್ತಿದ್ರು. ಕಾರ್ಡು ಓದಿ, 'ಹೋಗಿಬಂದಿದ್ದಾಳೆ' ಅಂತ ನನಗೂ ಹೇಳ್ತಿದ್ರು. ಜೂನ್ ತಿಂಗಳಲ್ಲಿ ಕಾರ್ಡು ಬರೋದು ನಿಂತುಹೋಯ್ತು. ಅವರು ಒಂದು ವಾರ ಬಂದು ನಿಂತ್ರು. ಆಮೇಲೆ ಸ್ಕೂಲಿಗೆ ಬರೋದನ್ನೇ ಬಿಟ್ರು."

ಮನೆಯ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅಣ್ಣ ನೆಲದ ಮೇಲೆ ಮಲಗಿದ್ದ. ನಾನು ಮೊದಲು ಬೇರೆ ಯಾರೋ ಎಂದುಕೊಂಡೆ. ಕೆನ್ನೆ ಒಳಗೆ ಹೋಗಿ, ಗಡ್ಡ ಬೆಳೆದು, ಓಡುವಾಗ ತೊಡುವ ಅಂಗಿಯ ಒಳಗೆ ಮನುಷ್ಯನೇ ಇಲ್ಲದ ಹಾಗಿದ್ದ. ಕೂಗಲು ನನಗೆ ಧ್ವನಿಯಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಿದೆ. ಕಣ್ಣು ತೆರೆದು, "ನೀನ್ಯಾಕ್ ಬಂದೆ?" ಎಂದ. ಬೈಗುಳವಲ್ಲ. ನಿಜವಾಗಿಯೂ ಅವನಿಗೆ ಗೊತ್ತಾಗಲಿಲ್ಲ, ಯಾಕೆ ಬಂದೆನೆಂದು.

ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಆಮೇಲೆ ನನ್ನ ಊರಿಗೇ ಕರೆತಂದಿದ್ದೇನೆ. ಒಂದೇ ಕೋಣೆ, ಕೆಳಗೆ ದರ್ಜಿಯ ಅಂಗಡಿ. ಅವನು ಮಂಚದಲ್ಲಿ, ನಾನು ನೆಲದಲ್ಲಿ. ಇಲ್ಲಿನ ಡಾಕ್ಟರು ಇದು ಮನಸ್ಸಿನ ಕಾಯಿಲೆ, ಬಹಳ ಹಿಂದೆಯೇ ಶುರುವಾಗಿದೆ ಎಂದರು. ಮಾತ್ರೆ ಕೊಟ್ಟರು. "ಬೆಳಗ್ಗೆ ನದಿ ದಡದಲ್ಲಿ ನಡೀಲಿ, ಪ್ರಕೃತಿ ನೋಡ್ಲಿ" ಎಂದೂ ಹೇಳಿದರು. ಅಣ್ಣ ಗೋಡೆಯ ಕಡೆ ತಿರುಗಿ ಮಲಗಿದ.

ನಿಮ್ಮನ್ನು ದೂರುವುದಕ್ಕೆ ಬರೆಯುತ್ತಿಲ್ಲ. ಆದರೆ ಒಂದು ಸಲ ಬರುತ್ತೀರಾ? ನನ್ನ ಮುಖ ಅವನಿಗೆ ಸಾಕಾಗುತ್ತಿಲ್ಲ. ನನ್ನ ಅಣ್ಣ ಎಷ್ಟು ನಗಿಸುತ್ತಿದ್ದ ಅತ್ತಿಗೆ. ಅವನ ಕಾಗದಗಳನ್ನು ನಂಬಿ ನಾನು ಎದ್ದು ಕೂತೆ. ಅವುಗಳಲ್ಲಿ ಒಂದಾದರೂ ನಿಜವಿತ್ತೇ?

ನಿಮ್ಮ ನಾದಿನಿ


ಸೆಪ್ಟೆಂಬರ್ 10

ನನ್ನ ತಂಗಿಯಂಥ ನಾದಿನಿಗೆ,

ನಿನ್ನ ಕಾಗದ ಓದಿ ತಕ್ಷಣ ಬರೆಯಲು ಆಗಲಿಲ್ಲ. ನಾನು ಬರುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನೀನು ಕೊನೆಯವರೆಗೆ ಆಸೆಯಿಟ್ಟುಕೊಂಡು ಓದಬಾರದು.

ಅವರು ದಿನಾ ನಸುಕಿನಲ್ಲೇ ಎದ್ದು ಷೂ ಕಟ್ಟಿಕೊಂಡು ಹೊರಡುತ್ತಿದ್ದರು. ಓಡಲು ಹೋಗುತ್ತಾರೆ ಎಂದೇ ನಾನೂ ತಿಳಿದಿದ್ದೆ. ಒಂದು ದಿನ ಹಾಲಿಗೆಂದು ಹೋದವಳು ನೋಡಿದೆ. ಶಾಲೆಯ ಹಿಂದಿನ ಗೋಡೆಗೆ ಒರಗಿ ನೆಲ ನೋಡುತ್ತಾ ಕೂತಿದ್ದರು. ಹೊತ್ತಾದ ಮೇಲೆ ಎದ್ದು, ನಲ್ಲಿಯಲ್ಲಿ ಮುಖ ತೋಯಿಸಿಕೊಂಡು, ಬೆವರಿದವರ ಹಾಗೆ ಮನೆಗೆ ಬಂದರು. ನಾನು ಕೇಳಲಿಲ್ಲ. ಕೇಳದೆ ಒಂದು ವರ್ಷ ಕಳೆದೆ. ಆಮೇಲೆ ಕೇಳಿದೆ. "ಏನಿಲ್ಲ" ಎಂದರು. ಡಾಕ್ಟರ ಹತ್ತಿರ ಹೋಗೋಣ ಎಂದೆ. ಏನಿಲ್ಲ. ಅತ್ತು ಕರೆದೆ, ಜಗಳವಾಡಿದೆ, ತಟ್ಟೆ ಎಸೆದೆ. ಏನಿಲ್ಲ, ಏನಿಲ್ಲ. ಇಡೀ ದಿನಕ್ಕೆ ಆ ಮನೆಯಲ್ಲಿ ಆಡಿದ ಮಾತು ಅದೊಂದೇ ಆಗಿಹೋಯಿತು.

ನಿನ್ನ ಕಾಗದ ಬಂದ ದಿನ ಮಾತ್ರ ಅವರು ಮೇಜಿನ ಮುಂದೆ ಕೂರುತ್ತಿದ್ದರು. ಬರೆಯುವಾಗ ನಗುತ್ತಿದ್ದರು. ನಾನು ಅಡಿಗೆಮನೆಯಿಂದ ನೋಡುತ್ತಿದ್ದೆ. ನನ್ನ ಗಂಡ ನಗುತ್ತಿದ್ದಾರೆ! ಪೆನ್ನಿನ ಮುಚ್ಚಳ ಹಾಕಿದ ಕೂಡಲೇ ಮುಖ ಆರಿಹೋಗುತ್ತಿತ್ತು. ಆಮೇಲೆ ನನ್ನ ಮುಂದೆ ತಂದಿಟ್ಟು, "ಕೆಳಗೆ ಎರಡು ಸಾಲು ಬರಿ" ಎನ್ನುತ್ತಿದ್ದರು. ಆ ಫೆಬ್ರವರಿಯ ಕಾಗದ ಓದಿದೆ. ಮೈದಾನವಂತೆ, ಇಂಗ್ಲಿಷ್ ಮೇಷ್ಟ್ರಂತೆ, ದಮ್ಮಂತೆ. ಅದರ ಕೆಳಗೆ ನನ್ನ ಹೆಸರು ಹೇಗೆ ಹಾಕಲಿ? ಬರೆಯುವುದಿಲ್ಲ ಎಂದೆ. ನನ್ನ ಬೆರಳು ಸುಟ್ಟಿರಲಿಲ್ಲ.

ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಬರೆದುಬಿಡುತ್ತೇನೆ, ಇನ್ನು ಮುಚ್ಚಿಟ್ಟು ಯಾರಿಗೇನು? ಅವರಲ್ಲಿ ಉಳಿದಿದ್ದ ಒಂದು ಹಿಡಿ ಉಸಿರೂ ಲಕೋಟೆಯೊಳಗೆ ಸೇರಿ ನಿನ್ನ ಊರಿಗೆ ಹೋಗುತ್ತಿತ್ತು. ನನಗೆ ಉಳಿದದ್ದು ಲಕೋಟೆ ಅಂಟಿಸುವ ಗೋಂದಿನ ಬಾಟಲಿ. ಏಪ್ರಿಲಿನಲ್ಲಿ ಚೀಲ ಹಿಡಿದು ಬಾಗಿಲಲ್ಲಿ ನಿಂತೆ. ತಡೆಯುತ್ತಾರೇನೋ ಎಂದು ಬೇಕೆಂದೇ ಚಪ್ಪಲಿ ಹುಡುಕುತ್ತಾ ತಡಮಾಡಿದೆ. ಅವರು ಎದ್ದು ಬಂದು ಚಪ್ಪಲಿ ಹುಡುಕಿಕೊಟ್ಟರು.

ನಿಜವಿತ್ತೇ ಎಂದು ಕೇಳಿದ್ದೀಯ. ಅವರು ಬರೆದ ಯಾವ ಸಂಗತಿಯೂ ನಿಜವಲ್ಲ. ಬರೆಯುವಾಗ ನಕ್ಕದ್ದು ನಿಜ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನೀಗ ತಮ್ಮನ ಮಕ್ಕಳಿಗೆ ತಲೆ ಬಾಚುತ್ತೇನೆ, ಬಟ್ಟೆ ಮಡಿಸುತ್ತೇನೆ, ರಾತ್ರಿ ನಿದ್ದೆ ಬರುತ್ತದೆ. ಮತ್ತೆ ಆ ಮೌನದೊಳಗೆ ಬಂದರೆ ನಾನು ಉಳಿಯುವುದಿಲ್ಲ. ನೀನು ತಂಗಿ, ನಿನ್ನಿಂದ ಆದೀತು. ಹೆಂಡತಿಗೆ ಅದು ಕಷ್ಟ.

ಈ ಕಾಗದವನ್ನು ಅವರಿಗೆ ತೋರಿಸಬೇಡ. ನನ್ನ ವಿಷಯ ಕೇಳಿದರೆ ಮಾತ್ರ, ಚೆನ್ನಾಗಿದ್ದಾಳೆ, ಬರುತ್ತಾಳಂತೆ ಎಂದು ಹೇಳು. ಸುಳ್ಳೇ. ಆದರೂ ಹೇಳು.

ನಿನ್ನ ಅತ್ತಿಗೆ


ಅಕ್ಟೋಬರ್ 19

ಅತ್ತಿಗೆಗೆ,

ಉತ್ತರ ತಡವಾಯಿತು. ನಿಮ್ಮ ಮೇಲೆ ಸಿಟ್ಟು ಬಂದಿತ್ತು, ಅದು ಇಳಿಯಲೆಂದು ಕಾದೆ. ಪೂರ್ತಿ ಇಳಿದಿಲ್ಲ. ಆದರೆ ನೀವು ಮಾಡಿದ್ದು ತಪ್ಪು ಎಂದು ಹೇಳಲು ನನ್ನ ಹತ್ತಿರ ಯಾವ ನ್ಯಾಯವೂ ಇಲ್ಲ. ನೀವು ಎರಡು ವರ್ಷ ಪಕ್ಕದಲ್ಲಿದ್ದು ಕಂಡದ್ದನ್ನು, ನಾನು ದೂರ ಕೂತು ತಮಾಷೆ ಎಂದು ಓದಿದವಳು.

ಅಣ್ಣ ಅರ್ಧ ತಟ್ಟೆ ಊಟ ಮಾಡುತ್ತಾನೆ. ಗಡ್ಡವನ್ನು ನಾನೇ ಬೋಳಿಸುತ್ತೇನೆ, ಮಗುವಿನಂತೆ ಗಲ್ಲ ಎತ್ತಿ ಕೊಡುತ್ತಾನೆ. ಹೋದ ವಾರದಿಂದ ಬೆಳಗ್ಗೆ ನನ್ನ ಜೊತೆ ನದಿಯವರೆಗೆ ಬರುತ್ತಿದ್ದಾನೆ. ನಡೆಯುವುದಿಲ್ಲ. ದಾರಿಯ ಮೊದಲ ಬೆಂಚಿನ ಮೇಲೆ ಕೂರುತ್ತಾನೆ, ನಾನು ಹೋಗಿ ತಿರುಗಿ ಬರುವವರೆಗೆ ತನ್ನ ಕೈಗಳನ್ನು ನೋಡಿಕೊಂಡಿರುತ್ತಾನೆ. ನನಗೆ ಆ ಹೊತ್ತು ಪ್ರಾಣ ಕೈಯಲ್ಲಿ. ಹಲ್ಲಿನ ಡಾಕ್ಟರಮ್ಮ ಈಗ ನಡೆಯುವುದನ್ನು ಬಿಟ್ಟು ಅವನ ಪಕ್ಕ ಕೂತು ಮಾತಾಡುತ್ತಾರೆ. ಅವನು ಕೇಳುತ್ತಾನೋ ಇಲ್ಲವೋ, ಎದ್ದಂತೂ ಹೋಗುವುದಿಲ್ಲ.

ಮೊನ್ನೆ ಒಂದು ಸಲ ತಲೆಯೆತ್ತಿ ನೀರನ್ನು ನೋಡಿದ. "ಇಷ್ಟೊಂದು ಕೊಳಕಾ ಇದು?" ಎಂದ. ಹೌದು, ಬರೆದಿದ್ದೆನಲ್ಲ ಎಂದೆ. "ಬರೆದಿದ್ದೆ" ಎಂದ. ಮತ್ತೆ ಕೈ ನೋಡಿಕೊಂಡ. ಮಳೆ ನಿಂತಿದೆ, ನೀರು ಇಳಿಯುತ್ತಿದೆ, ಕಾರ್ಖಾನೆಯ ನೊರೆ ದಡದುದ್ದಕ್ಕೂ ಬೆಳ್ಳಗೆ ಹತ್ತಿಕೊಂಡಿದೆ. ನೋಡಲು ಅದರಲ್ಲೇನೂ ಇಲ್ಲ. ಆದರೂ ಅವನು ಒಂದು ಕ್ಷಣ ನೋಡಿದ, ಅದಕ್ಕೇ ಬರೆದೆ.

ನೀವು ಹೇಳಿಕೊಟ್ಟ ಮಾತನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದೇನೆ. ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಲು ಬರುತ್ತದೋ ಎಂದು ಒಬ್ಬಳೇ ಇದ್ದಾಗ ಹೇಳಿಯೂ ನೋಡಿದೆ. ಬರುತ್ತದೆ.

ಅವನು ಇನ್ನೂ ಕೇಳಿಲ್ಲ.

ನಿಮ್ಮ ನಾದಿನಿ